ಲಾರಿಗಳ ಸಾಲನ್ನು ಪರದೆಯ ಒಳಗಿಟ್ಟ ಆಪಾ

ಪರದೆ ಹಸಿರು ಬಣ್ಣದ್ದಾಗಿತ್ತು ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಶರಣಪ್ಪ ಅದು ನೀಲಿ, ಮೇಲೆ ಬಿಳಿ ಹೂವುಗಳಿದ್ದವು ಎನ್ನುತ್ತಾನೆ. ಇಬ್ಬರೂ ಅದೇ ಪರದೆಯ ಎದುರು, ಅದೇ ಚಾಪೆಯ ಮೇಲೆ ಕುಳಿತು, ಒಂದೇ ತಟ್ಟೆಯ ಬಿಸ್ಕತ್ತು ತಿಂದವರು. ಇಬ್ಬರಲ್ಲಿ ಒಬ್ಬನ ನೆನಪು ಸುಳ್ಳು. ಇಬ್ಬರದೂ ಸುಳ್ಳಿರಬಹುದು. ಸಾಕ್ಷಿ ಇಲ್ಲದ್ದನ್ನು ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. ಊರವರ ಮಾತುಗಳ ಮೇಲೆ ಬಹಳ ದಿನ ಆ ಪಾಠವನ್ನು ಪ್ರಯೋಗಿಸಿದೆ. ವಯಸ್ಸಾದಂತೆ ಅದು ನನ್ನ ತಲೆಯ ಮೇಲೆಯೇ ಬಂದು ಕೂತಿದೆ. ಮುಂದೆ ಹೇಳುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾವಿಬ್ಬರೂ ಹೇಳಿ ಹೇಳಿ ಬೆಳೆಸಿದ್ದು ಎಂದು ಕೇಳಿದರೆ ಎದೆ ತಟ್ಟಿ ಹೇಳಲಾರೆ.

ಬರೆಯಲು ಕಾರಣ ಶರಣಪ್ಪನ ಫೋನು.

"ಆಪಾ ರಿಟೈರ್ ಆದ್ರು ನೋಡೋ ತಮ್ಮಾ. ಸನ್ಮಾನಕ್ಕ ಕರದ್ರ ಬರ್ಲಿಲ್ಲ ನೀ."

"ಯಾವಾಗ ಕರ್ದಿ?"

"ಕರೀಬೇಕಂತ ಮಾಡಿದ್ದೆ."

ಆಪಾ ಎಂದರೆ ಅಕ್ಕ. ಶರಣಪ್ಪ ಅವರಿಗಿಂತ ಆರೇಳು ವರ್ಷ ದೊಡ್ಡವನು. ಆದರೂ ಮೊದಲ ವಾರದಿಂದಲೇ ಆಪಾ ಎಂದು ಕರೆಯಲು ಶುರುಮಾಡಿದ, ಅವರು ಇವನನ್ನು ಅಣ್ಣಾ ಎಂದರು, ಯಾರು ಯಾರಿಗೆ ಹಿರಿಯರು ಎಂಬ ಲೆಕ್ಕ ಅಲ್ಲಿಗೆ ಮುಗಿಯಿತು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಬೈಸಿಕೊಳ್ಳಬೇಕಾದವನು ನಾನು.

ಎಂಬತ್ತರ ದಶಕದ ಕೊನೆಯ ವರ್ಷಗಳು. ವಾಡಿಯಿಂದ ಸ್ವಲ್ಪ ದೂರದಲ್ಲಿದ್ದ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ನಾವು ಮೂವರು ಕಂಪ್ಯೂಟರ್ ಕೋಣೆಯವರು. ಕಾರ್ಖಾನೆಯ ಮರ, ಗೋಡೆ, ನಾಯಿ, ಮನುಷ್ಯ ಎಲ್ಲವೂ ಬೂದು ಬಣ್ಣಕ್ಕೆ ತಿರುಗಿದ್ದವು. ನಮ್ಮ ಕೋಣೆಗೆ ಮಾತ್ರ ಗಾಜಿನ ಬಾಗಿಲು, ತಣ್ಣಗೆ ಮಾಡುವ ಯಂತ್ರ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕಿತ್ತು. ಬೇಸಿಗೆಯಲ್ಲಿ ಬೇರೆ ವಿಭಾಗದವರು ಏನಾದರೂ ನೆಪ ಮಾಡಿಕೊಂಡು ಬಂದು, ಯಂತ್ರಕ್ಕೆ ನಮಸ್ಕಾರ ಮಾಡಿದಂತೆ ಮಾಡಿ, ಅರ್ಧ ತಾಸು ತಂಪಿನಲ್ಲಿ ಕುಳಿತು ಹೋಗುತ್ತಿದ್ದರು.

ಶರಣಪ್ಪ ಸೇಡಂ ತಾಲ್ಲೂಕಿನ ಮುಧೋಳದ ಒಕ್ಕಲುತನದ ಮನೆಯವನು. ಸ್ಟೋರಿನಲ್ಲಿದ್ದು ಕಾಯಂ ಆಗಿ, ಆಮೇಲೆ ನಮ್ಮ ಕಡೆ ಬಂದಿದ್ದ. ನಾನು, ನನ್ನ ಹಿಂದೆ ಬಂದ ಆಪಾ ಇಬ್ಬರೂ ಇನ್ನೂ ತಾತ್ಕಾಲಿಕ. ಅವರು ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಹೈದರಾಬಾದಿನ ಅಣ್ಣನ ಮನೆಯಲ್ಲಿದ್ದು ಪ್ರೋಗ್ರಾಂ ಬರೆಯುವುದನ್ನು ಕಲಿತು, ಅಮ್ಮೀ ಒಬ್ಬರೇ ಇದ್ದಾರೆಂದು ಶಹಾಬಾದಿಗೆ ಮರಳಿದ್ದರು. ಆದರೆ ಅಣ್ಣ ಒಂದು ಮಾತು ಹೇಳಿ ಕಳಿಸಿದ್ದರು: ಕೆಲಸ ಕಾಯಂ ಆದರೆ ಸರಿ, ಆಗದಿದ್ದರೆ ತಾಯಿ ಮಗಳು ಇಬ್ಬರೂ ಮನೆ ಖಾಲಿ ಮಾಡಿ ಹೈದರಾಬಾದಿಗೆ ಬಂದುಬಿಡಬೇಕು. ಅಮ್ಮೀಗೆ ಶಹಾಬಾದ್ ಬಿಡುವ ಮಾತೆತ್ತಿದರೆ ಊಟ ಸೇರುತ್ತಿರಲಿಲ್ಲ. ಹೀಗಾಗಿ ಆಪಾ ಕಾಯಂ ಆಗುವುದಕ್ಕೆ ಆ ಮನೆಯ ಇಬ್ಬರೂ ಕಾದಿದ್ದರು.

ಆ ಚಿಂತೆ ಅವರ ಮುಖದ ಮೇಲೆ ಒಂದು ಸಲ ಬಿಟ್ಟರೆ ಎಂದೂ ಕಂಡದ್ದಿಲ್ಲ. ಪ್ಯಾಸೆಂಜರ್ ರೈಲಿನಿಂದ ಇಳಿದು ಬಂದು, ಬುರ್ಖಾ ತೆಗೆದು ಮೊಳೆಗೆ ಹಾಕಿ, "ಹಾಂ, ಇವತ್ತ ಯಾರ ಮನಿ ಮುರದದ?" ಎನ್ನುತ್ತಲೇ ಕುಳಿತುಕೊಳ್ಳುತ್ತಿದ್ದರು. ಮನೆ ಎಂದರೆ ಪ್ರೋಗ್ರಾಂ. ನಮ್ಮ ಮೇಜಿಗೆ ಹಲಗೆಯ ಬದಲು ನುಣುಪು ಮಾಡಿದ ಶಹಾಬಾದಿ ಕಲ್ಲು ಹಾಕಿದ್ದರು. ಅದೇ ಅವರ ಪಾಟಿ. ಬಳಪದಿಂದ ಕಲ್ಲಿನ ಮೇಲೆ ಚೌಕ ಬರೆದು, ಬಾಣ ಬರೆದು, ಬೇಡವಾದರೆ ಅಂಗೈಯಿಂದ ಒರೆಸುವರು. ಸಂಜೆ ರೈಲಿಗೆ ಹೊರಡುವಾಗ ಅವರ ಬಲಗೈ ಮೊಣಕೈಯವರೆಗೆ ಬೆಳ್ಳಗಿರುತ್ತಿತ್ತು. "ಫ್ಯಾಕ್ಟರಿಯಾಗ ಎಲ್ಲರಿಗೂ ಸಿಮೆಂಟ್ ಹತ್ತತದ, ನನಗೊಬ್ಬಾಕಿಗೆ ಸುಣ್ಣ," ಎಂದು ನಗುವರು.

ಒಂದು ಭಾನುವಾರ ನಮ್ಮಿಬ್ಬರನ್ನೂ ಮನೆಗೆ ಚಹಾಕ್ಕೆ ಕರೆದರು. ನೆಲಕ್ಕೆ ಫರಸಿ ಕಲ್ಲು ಹಾಸಿದ ಹಳೆಯ ಮನೆ. ಮುಂದಿನ ಕೋಣೆಯಲ್ಲಿ ನಮ್ಮನ್ನು ಕೂಡಿಸಿದರು. ಒಳಬಾಗಿಲಿಗೆ ಪರದೆ. ಸ್ವಲ್ಪ ಹೊತ್ತಿಗೆ ಪರದೆಯ ಆಚೆ ಬಾಗಿಲ ಸರಪಳಿ ಸಣ್ಣಗೆ ಸದ್ದಾಯಿತು. ಆಪಾ ಎದ್ದು ಹೋಗಿ, ಪರದೆಯ ಸಂದಿನಿಂದ ಬಂದ ತಟ್ಟೆಯನ್ನು ಹಿಡಿದು ತಂದರು. ಚಹಾ, ಬಿಸ್ಕತ್ತು, ಖಾರದ ಅವಲಕ್ಕಿ. ತಂದವರ ಬಳೆಯೂ ನಮಗೆ ಕಾಣಲಿಲ್ಲ.

ಚಹಾ ಮುಗಿದ ಮೇಲೆ ಶರಣಪ್ಪ ಮಾಡಿದ್ದೇ ಎಡವಟ್ಟು. ಅವನ ಊರಿನಲ್ಲಿ ಬೇಕಾದವರು ಬಂದರೆ ನೇರ ಅಡುಗೆಮನೆಗೆ ಹೋಗಿ, ರೊಟ್ಟಿ ಬಡಿಯುವವರ ಪಕ್ಕದಲ್ಲಿ ಕುಳಿತು, ಹಂಚಿನಿಂದ ಇಳಿದದ್ದನ್ನು ಇಳಿದಂತೆ ತಿನ್ನುವುದೇ ಮರ್ಯಾದೆ. ಹೊರಗೇ ಕುಳಿತು ಎದ್ದು ಬಂದರೆ ಮನೆಯವರಿಗೆ ಬೇಸರ. ಅದೇ ಮರ್ಯಾದೆಯನ್ನು ತೋರಿಸಲು ಅವನು ಕಪ್ಪುಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು, "ಚಹಾ ಭಾಳ ಚಲೋ ಆಗಿತ್ರೀ ಅಮ್ಮಾ," ಎನ್ನುತ್ತ ಪರದೆ ಸರಿಸಿ ಒಳಗೆ ಕಾಲಿಟ್ಟ. ಒಳಗೆ ಪಾತ್ರೆಯೊಂದು ಬಿದ್ದ ಸದ್ದು, ಅಮ್ಮೀ ಮತ್ತು ಕೈನೆರವಿಗೆ ಬಂದಿದ್ದ ನೆರೆಮನೆ ಹೆಂಗಸರ ಕೂಗು, ಓಡಿದ ಹೆಜ್ಜೆಗಳು. ತಟ್ಟೆ ಹಿಡಿದವನು ಹೊಸ್ತಿಲ ಮೇಲೆ ಕಲ್ಲಾಗಿ ನಿಂತ. ಆಮೇಲೆ ಪರದೆಯ ಒಳಗಿನಿಂದಲೇ ಮೊದಲು ಒಬ್ಬರು, ನಂತರ ಎಲ್ಲರೂ ನಕ್ಕರು. ಆಪಾ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು.

ಮರುದಿನ ಕಲ್ಲಿನ ಮೇಲೆ ಒಂದು ಚೌಕ ಬರೆದರು.

"ಇದು ನಮ್ಮ ಮನಿ. ಹೈದರಾಬಾದಿನಿಂದ ಹೊಸಾ ಥರದ ಪ್ರೋಗ್ರಾಂ ತಂದೀನಂತ ಹೇಳಿದ್ನಲ್ಲ, ಅದರಾಗ ಇದಕ್ಕ ಕ್ಲಾಸ್ ಅಂತಾರ. ಒಳಗ ಸಾಮಾನೂ ಅದ, ಆ ಸಾಮಾನಿನ ಕೂಡ ಕೆಲಸ ಮಾಡೋರೂ ಅದಾರ, ಅವರಿಗಿ ಫಂಕ್ಷನ್ ಅಂತಾರ. ಮುಂದಿನ ಖೋಲಿ ಪಬ್ಲಿಕ್. ಯಾರರ ಬರ್ರಿ, ಕುಂದ್ರಿ. ಪರದಾದ ಆಚೀಗಿ ಪ್ರೈವೇಟ್. ನಿಮಗ ಚಹಾ ಬೇಕಾದ್ರ ಕೇಳ್ರಿ, ಬರ್ತದ. ಸಕ್ರಿ ಡಬ್ಬಿ ಎಲ್ಲದ ಅಂತ ಹುಡುಕ್ಲಿಕ್ಕ ಹೋಗಬ್ಯಾಡ್ರಿ. ನಿನ್ನೆ ನಮ್ಮ ಶರಣಪ್ಪಣ್ಣ ಹೋಗಿದ್ರು."

"ಆಪಾ, ಸಾಕ್ ಮಾಡ್ರಿ," ಎಂದ ಶರಣಪ್ಪ. "ನಾ ಕಪ್ಪ್ ಕೊಡ್ಲಿಕ್ಕ ಹೋಗಿದ್ದೆ."

"ಕೊಡ್ಲಿಕ್ಕ ಹೋದ್ರೂ ಅಷ್ಟ, ತಗೋಳ್ಳಿಕ್ಕ ಹೋದ್ರೂ ಅಷ್ಟ. ಸರಪಳಿ ಬಾರಸ್ರಿ, ಒಳಗಿನವರು ಬಂದು ಇಸ್ಕೋತಾರ."

"ನಮ್ಮ ಮನಿಯಾಗ ಹಿಂಗ ಪರದಾ ಗಿರದಾ ಏನಿಲ್ರಿ. ಎಲ್ಲಾ ಖುಲ್ಲಾ."

"ಹೌದಾ? ನಿಮ್ಮ ಹಗೇವಿನ್ಯಾಗ ಈ ವರ್ಷ ಎಷ್ಟ ಜ್ವಾಳ ಅದ, ಹೇಳ್ರಿ ನೋಡೂಣು."

ಹಗೇವು ಎಂದರೆ ನೆಲದಡಿಯ ಕಾಳಿನ ಕಣಜ. ಊರಿಗೆಲ್ಲ ಹಗೇವು ಎಲ್ಲಿದೆ ಎಂದು ಗೊತ್ತು. ಒಳಗೆ ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ, ಕೇಳಿದರೂ ಯಾರೂ ಹೇಳುವುದಿಲ್ಲ. "ಅದು ಅವ್ವಗ ಗೊತ್ತು," ಎಂದ ಶರಣಪ್ಪ.

"ಮತ್ತ?" ಎಂದು ಆಪಾ ಅವನ ಮುಂದೆ ಇನ್ನೊಂದು ಚೌಕ ಬರೆದು, ಅದರ ಒಳಗೆ ಕಾಳಿನಂತೆ ಚುಕ್ಕೆಗಳನ್ನಿಟ್ಟರು.

ಹೀಗೆ ಅವರು ಕಲಿಸಿದ್ದೆಲ್ಲ ಯಾರದೋ ಮನೆಯಿಂದ ಬಂದದ್ದು. ಪ್ರೈವೇಟಿಗೂ ಪಬ್ಲಿಕ್ಕಿಗೂ ನಡುವೆ ಪ್ರೊಟೆಕ್ಟೆಡ್ ಎಂದು ಒಂದಿದೆ. ಹೊರಗಿನವರಿಗೆ ಮುಚ್ಚಿದ್ದು, ಆ ಕ್ಲಾಸಿನಿಂದ ಹುಟ್ಟಿದ ಕ್ಲಾಸಿಗೆ ತೆರೆದದ್ದು. ಅದಕ್ಕೆ ಉದಾಹರಣೆ ಅಮ್ಮೀ ಮಾಡುವ ತಹರಿ ಎಂಬ ಖಾರದ ಅನ್ನದ ಮಸಾಲೆ. "ಅಮ್ಮೀ ಬಿಟ್ರ ನನಗ ಗೊತ್ತು, ನಾಳಿ ನನ್ನ ಮಗಳಿಗಿ ಗೊತ್ತಾಗ್ತದ. ಅಳಿಯಾಗೋನು ಬರೇ ತಿಂದು ಹೋಗೂದು." ಅವರ ಮನೆಗೆ ಗ್ಯಾಸ್ ಒಲೆ ಬಂದಾಗಲೂ ಪಾಠವಾಯಿತು. ಮುಂದಿನ ವಾರ ಹೋದ ನಮಗೆ ಚಹಾ ಕೊಟ್ಟು, ಏನಾದರೂ ಬೇರೆ ಅನ್ನಿಸಿತೇ ಎಂದು ಕೇಳಿದರು. ಇಲ್ಲ ಎಂದೆವು. "ಒಳಗ ಒಲಿ ಬದಲಾಗ್ಯದ. ನಿಮಗೇನರ ತ್ರಾಸ ಆತಾ? ಒಳಗಿಂದು ಒಳಗಿದ್ರ ಇದ ಫಾಯ್ದಾ." ಶರಣಪ್ಪ ಆಮೇಲೆ, ತನಗೆ ಕಟ್ಟಿಗೆಯ ಹೊಗೆ ವಾಸನೆ ಇಲ್ಲದ್ದು ಮೊದಲ ಗುಟುಕಿಗೇ ಗೊತ್ತಾಗಿತ್ತು ಎಂದು ಹೇಳಿಕೊಂಡು ತಿರುಗಿದ.

ಇಷ್ಟಾದರೂ ನಾನು ಸುಮ್ಮನಿರುವ ಜಾತಿಯವನಲ್ಲ. ಹೆಂಗಸರನ್ನು ಒಳಗಿಟ್ಟ ಪರದೆಯನ್ನು ಹೀಗೆ ಪಾಠಕ್ಕೆ ಬಳಸಿ ಹೊಗಳುವುದು ಸರಿಯೇ ಎಂದು ಕೇಳಿದೆ. ನನ್ನನ್ನು ಅವರು 'ವಕೀಲ್ ಸಾಬ್' ಎನ್ನುತ್ತಿದ್ದರು.

"ಪರದಾ ಒಳಗಿನವರು ಹಾಕ್ಕೊಂಡ್ರ ಅದು ಪರದಾ, ವಕೀಲ್ ಸಾಬ್. ಹೊರಗಿನವರು ಹಾಕಿದ್ರ ಅದು ಕೀಲಿ. ನಾ ಕೀಲಿ ತಗದ ದಿನಾ ವಾಡಿಗಿ ಬರ್ಲಿಕತ್ತೀನಿ. ಪರದಾ ನನಗ ಯಾವಾಗ ಬೇಕೋ ಆವಾಗ ಎಳ್ಕೋತೀನಿ."

ಈ ಮಾತನ್ನು ಅವರು ಹೀಗೆಯೇ ಹೇಳಿದರೋ, ಅವರು ಅರ್ಧ ಹೇಳಿ ನಾನು ಅರ್ಧ ಸೇರಿಸಿದೆನೋ ತಿಳಿಯದು. ಶರಣಪ್ಪನಿಗೆ ಇದು ನೆನಪೇ ಇಲ್ಲ.

ಆಗ ಕಾರ್ಖಾನೆಯ ದೊಡ್ಡ ತಲೆನೋವು ಲಾರಿಗಳ ಸಾಲು. ಸಿಮೆಂಟ್ ತುಂಬಿಕೊಳ್ಳಲು ಬಂದ ಲಾರಿಗಳು ಗೇಟಿನ ಹೊರಗೆ ದಿನಗಟ್ಟಲೆ ನಿಲ್ಲುತ್ತಿದ್ದವು. ಹಳೆಯ ಪ್ರೋಗ್ರಾಮಿನಲ್ಲಿ ಆ ಸಾಲು ಬಯಲಿನಲ್ಲಿಟ್ಟ ರಾಶಿಯಂತೆ. ಗೇಟಿನವರ ಪ್ರೋಗ್ರಾಂ, ತೂಕದವರದು, ಬಿಲ್ಲಿನವರದು, ಯಾವುದು ಬೇಕಾದರೂ ಅದರೊಳಗೆ ಕೈ ಹಾಕಿ ನಂಬರು ಹಿಂದೆ ಮುಂದೆ ಮಾಡಬಹುದಿತ್ತು. ಯಾರು ಮಾಡಿದರು ಎಂದು ತಿಳಿಯುತ್ತಿರಲಿಲ್ಲ. "ನಾ ನಿನ್ನಿ ಮುಂಜಾನಿ ಬಂದೀನ್ರಿ, ನನ್ನ ಹಿಂದ ಬಂದಾವ ಲೋಡ್ ಮಾಡ್ಕೊಂಡು ಸೋಲಾಪುರದಾಗ ಊಟ ಮಾಡ್ಲಿಕತ್ತಿರ್ತಾನ," ಎಂದು ಡ್ರೈವರುಗಳು ಗೇಟಿಗೆ ಬಂದು ಜಗಳವಾಡುವರು.

ಇದನ್ನು ಹೊಸದಾಗಿ ಬರೆಯುವ ಕೆಲಸ ಆಪಾಗೆ ಬಂತು. ಸಾಲನ್ನು ಒಂದು ಕ್ಲಾಸ್ ಮಾಡಿದರು. ಲಾರಿ ನಂಬರುಗಳ ಪಟ್ಟಿ ಪ್ರೈವೇಟ್. ಹೊರಗಿನ ಪ್ರೋಗ್ರಾಮುಗಳಿಗೆ ಸಾಧ್ಯವಿದ್ದ ಕೆಲಸ, ಅಂದರೆ ಫಂಕ್ಷನ್, ಮೂರೇ: ಹೊಸ ಲಾರಿಯನ್ನು ಕೊನೆಗೆ ಸೇರಿಸು ಎನ್ನುವುದು, ಮುಂದಿನ ಲಾರಿ ಯಾವುದೆಂದು ಕೇಳುವುದು, ಎಷ್ಟು ಲಾರಿ ನಿಂತಿವೆ ಎಂದು ಕೇಳುವುದು. ಶರಣಪ್ಪ ಹಳೆಯ ಅಭ್ಯಾಸದಿಂದ ಗೇಟಿನ ಪ್ರೋಗ್ರಾಮಿನಲ್ಲಿ ಪಟ್ಟಿಗೇ ಕೈ ಹಾಕಿದ. ಯಂತ್ರ ಅವನು ಬರೆದ ಆ ಸಾಲನ್ನು ತೋರಿಸಿ, ಇದು ನಿನಗೆ ನಿಲುಕದು ಎಂದು ಪ್ರೋಗ್ರಾಂ ಕಟ್ಟಲು ನಿರಾಕರಿಸಿತು. ಅವನು ಯಂತ್ರಕ್ಕೆ ಬೈದ. "ಮಿಶಿನ್ ಅಲ್ಲಣ್ಣಾ," ಎಂದರು ಆಪಾ, "ನಮ್ಮ ಮನಿ ಹೆಣ್ಮಕ್ಕಳು ಚೀರಲಿಕತ್ತಾರ."

ಕಷ್ಟ ಬಂದದ್ದು ಡಿಸ್‌ಪ್ಯಾಚ್ ಸಾಹೇಬರಿಂದ. ಲಾರಿ ತುಂಬಿಸಿ ಕಳಿಸುವ ವಿಭಾಗ ಅವರದು. ನಮ್ಮ ಕೋಣೆಯೂ ಅವರ ಕೈಕೆಳಗೆ. ಕೆಟ್ಟವರಲ್ಲ. ಯಾರಿಗೂ ಇಲ್ಲ ಎನ್ನಲು ಬಾರದ ಮನುಷ್ಯ. ಹೆಂಡತಿಯ ತವರಿನವರು, ಓಣಿಯವರು, ಮದುವೆಯಲ್ಲಿ ಒಮ್ಮೆ ಪಕ್ಕದಲ್ಲಿ ಕುಳಿತು ಉಂಡವರು, ಎಲ್ಲರಿಗೂ ಒಂದೊಂದು ಲಾರಿ. ಎಲ್ಲರ ಲಾರಿಯೂ ಮುಂದೆ ಹೋಗಬೇಕು. ಹೊಸ ಪ್ರೋಗ್ರಾಂ ಬಂದ ಮೇಲೆ ಅವರ ಮಾತು ನಡೆಯಲಿಲ್ಲ. ಒಂದು ಮಧ್ಯಾಹ್ನ ಚಪ್ಪಲಿ ಬಿಡದೆ ಒಳಗೆ ಬಂದರು.

"ಏನಮ್ಮಾ, ನನ್ನ ಲಾರಿ ಸಾಲಿನ್ಯಾಗ ನನಗ ಹೋಗ್ಲಿಕ್ಕ ದಾರಿ ಇಲ್ಲಂತ?"

"ಬಾಗ್ಲ ಅದರಿ ಸಾಹೇಬ್ರ. ಕಿಡಕಿ ಇಲ್ಲ."

"ನಾ ಇಲ್ಲಿ ಮಾಲಕ ಇದ್ದಂಗ."

"ಮಾಲಕ್ರೂ ಮನಿಗಿ ಬಾಗ್ಲದಾಗಿಂದ ಬರ್ತಾರ್ರಿ."

"ನಿನ್ನ ಪುಸ್ತಕದಾಗ ದೋಸ್ತ ಇದ್ರ ಒಳಗ ಬಿಡ್ತಾರಂತಲ್ಲ? ಶರಣಪ್ಪ ಹೇಳ್ದ."

ಆಪಾ ಶರಣಪ್ಪನ ಕಡೆ ನೋಡಿದರು. ಶರಣಪ್ಪ ತಂಪು ಯಂತ್ರದ ಕಡೆ ನೋಡಿದ. ಫ್ರೆಂಡ್ ಎಂದು ಗುರುತಿಸಿದವರಿಗೆ ಪ್ರೈವೇಟ್ ಭಾಗವನ್ನೂ ತೆರೆಯುವ ಒಂದು ನಿಯಮ ಆ ಭಾಷೆಯಲ್ಲಿತ್ತು.

"ಬಿಡ್ತಾರ್ರಿ. ಆದ್ರ ದೋಸ್ತ ಯಾರಂತ ಮನಿಯವರು ಹೇಳಬೇಕು. ಬಂದವರು ತಾವ ಹೇಳ್ಕೊಂಡ್ರ ಆಗೂದಿಲ್ಲ."

ಸಾಹೇಬರ ಮುಖ ಕೆಂಪಾಯಿತು. "ನಿನ್ನ ಕಾಯಂ ಮಾಡೂದು ಬಿಡೂದು ನನ್ನ ಸಹಿ ಮ್ಯಾಲ ಅದ. ನೆನಪಿರ್ಲಿ," ಎಂದು ಹೋದರು.

ಅವರು ಹೋದ ಮೇಲೆ ಆಪಾ ಬಳಪವನ್ನು ಕಲ್ಲಿನ ಮೇಲೆ ಹೊರಳಿಸುತ್ತ ಕುಳಿತರು. ಅಷ್ಟು ಹೊತ್ತು ಅವರು ನಗದೆ ಇದ್ದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

"ಆಪಾ, ಒಂದ್ ಸಣ್ಣ ಕಿಂಡಿ ಇಡ್ರಿ," ಎಂದ ಶರಣಪ್ಪ. "ಸಾಹೇಬ್ರಿಗಷ್ಟ."

"ಕಿಂಡಿ ಇಟ್ರ ಬರೇ ಸಾಹೇಬ್ರು ಬರ್ತಾರೇನಣ್ಣಾ? ಬೆಕ್ಕೂ ಬರ್ತದ."

"ಹೈದರಾಬಾದಿಗಿ ಹೋಗಬೇಕಾಗ್ತದ ನೋಡ್ರಿ."

"ಅದಕ್ಕ ನಾ ತಯಾರಾದೇನು. ಅಮ್ಮೀನ ಹ್ಯಾಂಗ ಎಬ್ಬಸ್ಲಿ ಆ ಮನಿಯಿಂದ?"

ಆದರೆ ಮುಂದಿನ ವಾರ ಅವರು ಕಿಂಡಿಯ ಬದಲು ಇನ್ನೊಂದು ಬಾಗಿಲು ಮಾಡಿದರು. ಲಾರಿಯನ್ನು ಮುಂದೆ ಬಿಡು ಎಂಬ ಹೊಸ ಆಜ್ಞೆ. ಅದನ್ನು ಬಳಸಿದರೆ ಯಂತ್ರ ಮೂರು ಮಾತು ಕೇಳುತ್ತದೆ: ಯಾವ ಲಾರಿ, ಯಾರು ಹೇಳಿದರು, ಕಾರಣವೇನು. ಉತ್ತರಗಳನ್ನು ಪ್ರಿಂಟರಿನಲ್ಲಿ ಅಚ್ಚು ಹಾಕಿದ ಮೇಲೆಯೇ ಒಳಗಿನ ಸಾಲನ್ನು ತಾನೇ ಬದಲಿಸುತ್ತದೆ. ಆ ಚೀಟಿ ಗೇಟಿನ ಹಲಗೆಗೆ ಅಂಟಿಸಬೇಕು. ಸಾಹೇಬರನ್ನು ಕರೆದು, "ನಿಮ್ಮ ಬಾಗ್ಲ ತಯಾರದರಿ," ಎಂದರು.

ಸಾಹೇಬರು ಖುಷಿಯಿಂದಲೇ ಕುಳಿತರು. ಹೆಂಡತಿಯ ಅಣ್ಣನ ಲಾರಿಯ ನಂಬರು ಹಾಕಿದರು. ತಮ್ಮ ಹೆಸರು ಹಾಕಿದರು. ಕಾರಣದ ಮುಂದೆ ಬೆರಳು ನಿಂತಿತು. ಬಹಳ ಯೋಚಿಸಿ, 'ಅರ್ಜೆಂಟ್' ಎಂದು ಒತ್ತಿದರು. ಪ್ರಿಂಟರು ಇಡೀ ಕೋಣೆಗೆ ಕೇಳುವಂತೆ ಕಿರುಚಿ ಅದನ್ನು ಬರೆಯಿತು.

ಸಂಜೆಯೊಳಗೆ ಗೇಟಿನ ಚಹಾದಂಗಡಿಯಲ್ಲಿ ಒಬ್ಬ ಡ್ರೈವರು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಸಾಹೇಬರು ಸ್ಕೂಟರಿನಲ್ಲಿ ಹೊರಬಂದರೆ ಹತ್ತಾರು ಜನ ಸುತ್ತುವರಿದರು. "ಏನ್ ಅರ್ಜೆಂಟ್ ಇತ್ರಿ ಸಾಹೇಬ್ರ? ಮನಿಯಾಗ ಎಲ್ಲಾ ಆರಾಮ್ ಹೌದಲ್ರಿ? ನಾವೂ ಬರ್ಲೇನ್ರಿ ದವಾಖಾನಿಗಿ?" ಆ ಲಾರಿಗೆ ಅಂದಿನಿಂದ ವಾಡಿಯಿಂದ ಶಹಾಬಾದಿನವರೆಗೂ 'ಅರ್ಜೆಂಟ್ ಲಾರಿ' ಎಂದೇ ಹೆಸರಾಯಿತು. ಭಂಕೂರ ದಾಟುವಾಗ ಹುಡುಗರು ದಾರಿ ಬಿಟ್ಟು ಸಲಾಮು ಹೊಡೆಯುತ್ತಿದ್ದರಂತೆ. ಹೆಂಡತಿಯ ಅಣ್ಣನೇ ಬಂದು, ಇನ್ನು ಮುಂದೆ ನಮ್ಮ ಲಾರಿ ಸಾಲಿನಲ್ಲೇ ಬರಲಿ ಎಂದು ಕೈಮುಗಿದ.

ಆಮೇಲೆ ಆ ಬಾಗಿಲನ್ನು ಬಳಸಿದ್ದು ಚಿಂಚೋಳಿ ಕಡೆಯ ಒಬ್ಬ ಡ್ರೈವರನಿಗಾಗಿ. ಅವನ ಹೆಂಡತಿಗೆ ಹೆರಿಗೆ ನೋವು ಶುರುವಾಗಿತ್ತು. ಅವನ ಮುಂದೆ ನಿಂತಿದ್ದ ಡ್ರೈವರುಗಳೇ ಬಂದು ಅವನನ್ನು ಬಿಡಿ ಎಂದರು. ಕಾರಣವನ್ನು ಸಾಹೇಬರು ತಾವೇ, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಹೆಣ್ಣು ಹುಟ್ಟಿತೆಂದು ಗೇಟಿಗೆಲ್ಲ ಪೇಡೆ ಬಂತು.

ನಿಧಾನವಾಗಿ ಸಾಹೇಬರಿಗೆ ಒಂದು ಸುಖ ಅರ್ಥವಾಯಿತು. ಜೀವಮಾನದಲ್ಲಿ ಮೊದಲ ಸಲ ಅವರು ಇಲ್ಲ ಎನ್ನದೆ ಇಲ್ಲ ಎನ್ನಬಹುದಿತ್ತು. ಯಾರಾದರೂ ಬಂದರೆ ಕುರ್ಚಿ ಕೊಟ್ಟು, ಚಹಾ ತರಿಸಿ, "ಅವಶ್ಯ ಬಿಡೂಣ್ರಿ. ಕಾರಣ ಹೇಳ್ರಿ, ಗೇಟಿಗಿ ಹಚ್ಚತೀವಿ," ಎನ್ನುವರು. ಬಂದವರು ಚಹಾ ಕುಡಿದು ಹೋಗುವರು. ಆರು ತಿಂಗಳಲ್ಲಿ ಅವರ ಮುಖ ತುಂಬಿಕೊಂಡಿತು. ಊರೆಲ್ಲ ಆಪಾ ಪ್ರೋಗ್ರಾಮಿನ ಗುಣಗಾನ ಮಾಡಿದವರು ಅವರೇ.

ಆ ವರ್ಷ ಕಾಯಂ ಆದೇಶ ಬಂದದ್ದು ನನಗೆ. ಒಂದೇ ಜಾಗವಿತ್ತು. ನನ್ನ ಪದವಿ, ನನ್ನ ಅಂಕಗಳು, ನನ್ನ ಕೆಲಸ ನೋಡಿ ಕೊಟ್ಟರೆಂದು ಭಾವಿಸಿ ಎಲ್ಲರಿಗೂ ಮಂಡಕ್ಕಿಯ ಸುಸಲಾ, ಮಿರ್ಚಿ ತಿನ್ನಿಸಿದೆ. ಆಪಾ ಎರಡು ತಟ್ಟೆ ತಿಂದರು. ಮುಂದಿನ ವರ್ಷ ಅವರಿಗೂ ಆದೇಶ ಬಂತು. ಅಣ್ಣ ಹೈದರಾಬಾದಿನಿಂದ ಬಂದು, ಅಮ್ಮೀ ಮಾಡಿದ ತಹರಿ ಉಂಡು, ಮನೆ ಖಾಲಿ ಮಾಡುವ ಮಾತೆತ್ತದೆ ಹಿಂತಿರುಗಿದರು. ನಾನು ಕೆಲವು ವರ್ಷಗಳ ನಂತರ ಬೇರೆ ಊರಿಗೆ ಹೋದೆ.

ಈಗ ಫೋನಿನಲ್ಲಿ ಶರಣಪ್ಪ, ಸನ್ಮಾನದ ವರದಿ ಮುಗಿಸಿ, ಸಹಜವಾಗಿ ಅಂದ: "ನಿನ್ನ ಆರ್ಡರ್ ಖರೇ ಅಂದ್ರ ಆಪಾಂದು. ಆಕಿ ಬ್ಯಾಡ ಅಂದಳು. ನಿನಗ ಗೊತ್ತಿಲ್ಲೇನು?"

ಪರದೆಯ ಬಣ್ಣದಲ್ಲೇ ಒಮ್ಮತವಿಲ್ಲದವನ ಮಾತು. ನಂಬಲಿಲ್ಲ. ಆಪಾಗೆ ಫೋನ್ ಮಾಡಿದೆ. ನಿವೃತ್ತಿಯ ಶುಭಾಶಯ ಹೇಳಿ, ಆ ವಿಷಯ ನಿಜವೇ ಎಂದು ಕೇಳಿದೆ. ಆ ಕಡೆಯಿಂದ ಅದೇ ನಗು.

"ಅದನ್ನ ಹೊರಗ ಕೊಡೋ ಫಂಕ್ಷನ್ ನಾ ಬರದಿಲ್ಲ, ವಕೀಲ್ ಸಾಬ್. ಬ್ಯಾರೆ ಏನರ ಕೇಳ್ರಿ."

ಬೇರೆ ದಾರಿಯಿಲ್ಲದೆ ಸಾಹೇಬರನ್ನು ಹುಡುಕಿದೆ. ಕಲಬುರಗಿಯಲ್ಲಿ ಮಗನ ಜೊತೆ ಇದ್ದಾರೆ. ಕಿವಿ ಮಂದ, ನೆನಪು ನನ್ನದಕ್ಕಿಂತ ಚೊಕ್ಕ. ಮಗ ನನ್ನ ಪ್ರಶ್ನೆಯನ್ನು ಅವರ ಕಿವಿಯಲ್ಲಿ ಕೂಗಿ, ಫೋನನ್ನು ಅವರ ಬಾಯಿಗೆ ಹಿಡಿದ.

"ಹೌದಪ್ಪಾ. ಆಕಿ ಹೆಸರ ಬರದು, ಆಕೀನ ಕರದು ಹೇಳ್ದೆ. ಆಕಿ ಏನಂದಳು ಗೊತ್ತದನು? ನನಗಿಂತ ಮೊದಲ ಬಂದವ್ರು ನಿಂತಾರ, ನನಗ ಮುಂದ ಬಿಡ್ಲಿಕ್ಕ ಕಾರಣ ಏನಂತ ಬರೀತೀರಿ ಸಾಹೇಬ್ರ, ಅಂದಳು. ನಿನಗಿಂತ ಆಕಿ ಶಾಣ್ಯಾಕಿ ಅಂತ ಬರೀಬಹುದಿತ್ತು. ಗೇಟಿಗಿ ಹಚ್ಚಿದ್ರ ನಿನಗ ಬ್ಯಾಸರಾಗ್ತದಂತ ಬಿಟ್ಟೆ."

ಮಗನಿಂದ ಇನ್ನೊಮ್ಮೆ ಕೇಳಿಸಿದೆ. ಉತ್ತರ ಬದಲಾಗಲಿಲ್ಲ. ಇಷ್ಟು ಹೊತ್ತು ನಾನು ಬರೆದದ್ದರಲ್ಲಿ ಖಚಿತವಾಗಿ ಹೇಳಬಹುದಾದದ್ದು ಇದೊಂದು: ಆ ವರ್ಷದ ಒಂದೇ ಜಾಗಕ್ಕೆ ಸಾಹೇಬರು ಮೊದಲು ಬರೆದದ್ದು ಆಪಾ ಹೆಸರನ್ನು, ಮತ್ತು ನಾನು ಕೆಲಸಕ್ಕೆ ಸೇರಿದ್ದು ಅವರಿಗಿಂತ ನಾಲ್ಕು ತಿಂಗಳು ಮೊದಲು.